ಮೇಷ್ಟರ ಸಂಪಾದನೆ

ಶಾಲೆಯ ಉಪಾಧ್ಯಾಯ ವೃತ್ತಿಗೆ ಸೇರುವವರನ್ನು ಕಂಡರೆ ನಮ್ಮ ಜನ ಎರಡು ಮಾತು ಆಡುವುದುಂಟು. ‘ಪವಿತ್ರವಾದ ಕೆಲಸ’ ಎಂಬುದು ಎದುರಿಗೆ. ‘ಬೇರೇನೂ ಸಿಕ್ಕಲಿಲ್ಲವೇನೋ ಪಾಪ’ ಎಂಬುದು ಮರೆಯಲ್ಲಿ. ಹೊಗಳಿಕೆಯೂ ಮರುಕವೂ ಹೀಗೆ ಒಂದೇ ಬಾಯಿಂದ ಬರುವ ಈ ವೃತ್ತಿಯಲ್ಲಿ ಸಂಬಳವಲ್ಲದೆ ಸಿಕ್ಕುವ ಸಂಪಾದನೆ ಯಾವುದು?

ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸುತ್ತಿದ್ದ ರಾಧಾಕೃಷ್ಣನ್ನರು 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟಿನಲ್ಲಿ ಅವರನ್ನು ಕೂರಿಸಿ ರೈಲ್ವೆ ಸ್ಟೇಷನ್ನಿನವರೆಗೆ ತಾವೇ ಎಳೆದುಕೊಂಡು ಹೋದರೆಂದು ಹೇಳುತ್ತಾರೆ. ಅವರ ಜನ್ಮದಿನವೇ 1962ರಿಂದ ಶಿಕ್ಷಕರ ದಿನವಾಯಿತು. ಆದರೆ ‘ಅ ಆ’ ತಿದ್ದಿಸಿದ ಮೇಷ್ಟರಿಗೆ ಸಾರೋಟು ಎಳೆಯುವವರುಂಟೆ? ಓದಲು ಬಂದವನಿಗೆ, ಓದಲು ಬಾರದಿದ್ದ ಕಾಲದ ನೆನಪೇ ಇರುವುದಿಲ್ಲ.

ಇಲ್ಲಿಯೇ ಮೇಷ್ಟರಿಗೆ ಒಂದು ಆಸೆ ಹುಟ್ಟುತ್ತದೆ. ಮುಂದಿನ ಬೆಂಚಿನ ಹುಡುಗಿ ಪ್ರಶ್ನೆ ಮುಗಿಯುವ ಮೊದಲೇ ಕೈ ಎತ್ತುತ್ತಾಳೆ. ಅವಳಿಗೆ ಪಾಠ ಹೇಳುವುದು ಸುಖ. ನಾಳೆ ಅವಳು ದೊಡ್ಡವಳಾದರೆ ‘ನನ್ನ ಶಿಷ್ಯೆ’ ಎಂದು ಹೇಳಿಕೊಳ್ಳಬಹುದು. ಹಿಂದಿನ ಬೆಂಚಿನ ಹುಡುಗನೋ, ಕಳೆಯುವ ಲೆಕ್ಕದಲ್ಲಿ ಪಕ್ಕದ ಅಂಕಿಯಿಂದ ಸಾಲ ತರುವುದನ್ನು ಆರನೆಯ ಸಲ ಮರೆಯುತ್ತಾನೆ. ನಿಜ ನೋಡಿದರೆ, ಆ ಹುಡುಗಿ ಯಾರು ಹೇಳಿಕೊಟ್ಟರೂ ಕಲಿಯುತ್ತಿದ್ದಳು. ಮೇಷ್ಟರು ಬೇಕಾಗಿರುವುದು ಈ ಹುಡುಗನಿಗೆ.

ಇದನ್ನು ಮನಗಂಡವರು ನಮ್ಮಲ್ಲಿಯೇ ಇದ್ದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು, ಆಂಧ್ರದ ರಿಷಿವ್ಯಾಲಿಯ ಪದ್ಧತಿಯನ್ನು ನೋಡಿಬಂದು, ‘ನಲಿ-ಕಲಿ’ಯನ್ನು ಆರಂಭಿಸಿದರು. ಮುಂದೆ ಅದು ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಆ ಕೋಣೆಯಲ್ಲಿ ಮುಂದಿನ ಬೆಂಚು, ಹಿಂದಿನ ಬೆಂಚು ಎಂಬುದಿರಲಿಲ್ಲ. ಬೇರೆ ಬೇರೆ ತರಗತಿಯ ಮಕ್ಕಳು ಗುಂಪುಗೂಡಿ ಕುಳಿತು, ಕಾರ್ಡುಗಳನ್ನು ಹಿಡಿದು, ಕಲಿಕೆಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತಿದರು.

ಇದರಿಂದ ಮೇಷ್ಟರ ಕಷ್ಟ ಕಡಿಮೆಯಾಯಿತೆ? ಇಲ್ಲ. ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕೆನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯಿದೆ. ಆ ಮೂವತ್ತು ಮಕ್ಕಳು ಮೂವತ್ತು ಮೆಟ್ಟಿಲ ಮೇಲಿದ್ದರೆ ಮೇಷ್ಟರು ಎಲ್ಲ ಕಡೆಯೂ ಇರಬೇಕು. ಅದರ ಮೇಲೆ ಬಿಸಿಯೂಟದ ಲೆಕ್ಕ. ಜನಗಣತಿಗೂ ಚುನಾವಣೆಗೂ ಅವರನ್ನು ಕಳುಹಿಸಬಹುದೆಂದು ಅದೇ ಕಾಯಿದೆಯ ಅಪ್ಪಣೆ. ಪದ್ಧತಿಯು ಬೆಂಚುಗಳನ್ನು ತೆಗೆದುಹಾಕಬಲ್ಲದು; ಹಿಂದುಳಿದವನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವ ಮನಸ್ಸನ್ನು ಮೇಷ್ಟರೇ ತರಬೇಕು.

ಹಾಗೆ ಕುಳಿತವರಿಗೆ ದೊರೆಯುವುದೇನು? ಆರು ಸಲ ತಪ್ಪಿದ ಹುಡುಗ ಏಳನೆಯ ಸಲ ಸರಿಯಾಗಿ ಮಾಡಿ, ಮೇಷ್ಟರ ಮುಖವನ್ನೂ ನೋಡದೆ, ಮುಂದಿನ ಲೆಕ್ಕಕ್ಕೆ ಕೈ ಹಾಕುತ್ತಾನೆ. ‘ಒಂದು ಮಾತಾದರೂ ಆಡಲಿಲ್ಲವಲ್ಲ’ ಎಂದು ಕೊರಗುವವರು ಈ ವೃತ್ತಿಗೆ ಬಾರದಿರುವುದೇ ಲೇಸು. ಈ ಲೆಕ್ಕಕ್ಕೆ ಇನ್ನು ತಾವು ಬೇಡವಾದೆವು ಎಂದು ಸಂತೋಷಪಟ್ಟು, ಇನ್ನೊಬ್ಬ ಹುಡುಗನ ಪಕ್ಕಕ್ಕೆ ಸರಿಯುವವರ ಸಂಪಾದನೆ ಯಾವ ಸಂಬಳದ ಪಟ್ಟಿಯಲ್ಲಿಯೂ ಇಲ್ಲ. ಅದನ್ನು ಅವರಿಂದ ಕಸಿದುಕೊಳ್ಳುವವರೂ ಇಲ್ಲ.