ಅತಿಥಿಯ ದಾನ

ಹಸಿದವರಿಗೆ ಅನ್ನವಿಡುವುದು ಪುಣ್ಯವೆಂಬುದರಲ್ಲಿ ನಮ್ಮವರಿಗೆ ಸಂಶಯವಿಲ್ಲ. ಆದರೆ ಕೊಟ್ಟವನಿಗೆ ಸಂತೋಷವನ್ನೂ ಪಡೆದವನಿಗೆ ಕೇಡನ್ನೂ ತರುವ ಕೊಡುಗೆಯನ್ನು ದಾನವೆನ್ನಬಹುದೇ? ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಬಾಲಕರಿಗೆ ಸುಭಾಷಿತಗಳನ್ನು ಬೋಧಿಸಿದ ನನಗೆ ಈ ಪ್ರಶ್ನೆಯು ಗ್ರಂಥಗಳಿಂದ ಹುಟ್ಟಲಿಲ್ಲ. ಕಾಡಿನಲ್ಲಿ, ಒಂದು ಬಾಳೆಯ ಹಣ್ಣಿನಿಂದ ಹುಟ್ಟಿತು.

ಕಳೆದ ಪುಷ್ಯಮಾಸದಲ್ಲಿ ನನ್ನ ಮಗನು ಸಂಸಾರಸಮೇತನಾಗಿ ಬಿಳಿಗಿರಿರಂಗನ ಬೆಟ್ಟದ ಅರಣ್ಯಕ್ಕೆ ಹೊರಟು, ವೃದ್ಧರಾದ ನಮ್ಮಿಬ್ಬರನ್ನೂ ಕರೆದೊಯ್ದನು. ತುಮಕೂರಿನಿಂದ ಕುಣಿಗಲ್, ಮದ್ದೂರುಗಳ ಮಾರ್ಗವಾಗಿ ಪ್ರಯಾಣಮಾಡಿ ಸಂಜೆಗೆ ಕ್ಯಾತದೇವರಗುಡಿಯನ್ನು ಸೇರಿದೆವು. ಹಿಂದೆ ಮೈಸೂರು ಅರಸರು ಬೇಟೆಗೆಂದು ಬಂದು ತಂಗುತ್ತಿದ್ದ ಈ ಸ್ಥಳದಲ್ಲಿ, 1980ರಲ್ಲಿ ಸರ್ಕಾರವು ಸ್ಥಾಪಿಸಿದ ಜಂಗಲ್ ಲಾಡ್ಜಸ್ ಸಂಸ್ಥೆಯವರು ಪ್ರವಾಸಿಗಳಿಗಾಗಿ ಗುಡಾರಗಳನ್ನು ಹಾಕಿರುವರು. ಗೋಡೆಯೆಂದರೆ ದಪ್ಪ ಬಟ್ಟೆ. ಒಳಗೆ ಮಂಚ, ಕಂಬಳಿ. ರಾತ್ರಿ ಕಡವೆಯ ಕೂಗು ಕೇಳಿದೊಡನೆ ಮೊಮ್ಮಗನು ನನ್ನ ಕಂಬಳಿಯೊಳಗೆ ನುಸುಳಿ, “ತಾತ, ನಾವು ಯಾರ ಮನೆಯಲ್ಲಿದ್ದೇವೆ?” ಎಂದು ಕೇಳಿದನು. “ದುಡ್ಡು ಕೊಟ್ಟಿದ್ದೇವಲ್ಲಪ್ಪ, ಎರಡು ದಿನ ನಮ್ಮದೇ ಮನೆ” ಎಂದು ಧೈರ್ಯ ಹೇಳಿದೆನು. ಆ ಉತ್ತರದ ಪೊಳ್ಳುತನವು ಬೆಳಗಾಗುತ್ತಲೇ ಬಯಲಾಯಿತು.

ಗುಡಾರದ ಮುಂದೆ ಮರಿಯನ್ನಪ್ಪಿಕೊಂಡ ಕೋತಿಯೊಂದು ಬಂದು ಕುಳಿತಿತು. ನಾನು ಬುಟ್ಟಿಯಿಂದ ಹಣ್ಣೊಂದನ್ನು ತೆಗೆದು ನೀಡಿದೆನು. ಅದು ಕಸಿದುಕೊಂಡು ಮರವೇರಿತು. ಮಗುವು ಚಪ್ಪಾಳೆ ತಟ್ಟಿತು. ಬಿಸಿನೀರು ತಂದಿದ್ದ ವಯಸ್ಸಾದ ಸೋಲಿಗನು ತಗ್ಗಿದ ದನಿಯಲ್ಲಿ, “ಕೊಡಬ್ಯಾಡಿ ಸ್ವಾಮಿ. ಇವತ್ತು ನಿಮ್ಮ ಕೈಲಿ ಈಸ್ಕೊಂಡದ್ದು ನಾಳೆ ಇನ್ನೊಂದು ಮಗೀನ ಕೈಲಿ ಕಿತ್ಕೊಳ್ತದೆ. ಆಗ ಜನ ಕಲ್ಲು ಹೊಡೀತಾರೆ. ಅಷ್ಟೊತ್ತಿಗೆ ನೀವು ಊರಲ್ಲಿರ್ತೀರಿ” ಎಂದನು. ಮೊದಲು ನನಗೆ ಬಂದದ್ದು ಕೋಪವೆಂದು ಒಪ್ಪಿಕೊಳ್ಳತಕ್ಕದ್ದೇ. ಒಂದು ಹಣ್ಣಿಗೆ ಇಷ್ಟು ಮಾತೇ ಎಂದುಕೊಂಡೆನು. ಲಜ್ಜೆಯು ಬಂದದ್ದು ಆಮೇಲೆ.

ದೇಶ, ಕಾಲ, ಪಾತ್ರಗಳನ್ನರಿತು ಕೊಟ್ಟದ್ದೇ ಸಾತ್ತ್ವಿಕ ದಾನವೆಂಬುದು ಗೀತೆಯ ಅಭಿಪ್ರಾಯವಷ್ಟೆ. ಇದನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಪಾತ್ರವೆಂದರೆ ಪಡೆಯುವವನ ಯೋಗ್ಯತೆಯೆಂದೇ ನಾನು ತಿಳಿದಿದ್ದೆನು. ಕೊಟ್ಟವನು ಹೊರಟುಹೋದ ಮೇಲೆ ಪಡೆದವನ ಗತಿಯೇನೆಂಬ ವಿಚಾರವೂ ಅದರಲ್ಲಿ ಅಡಗಿದೆಯೆಂದು ಆ ವೃದ್ಧನು ತೋರಿಸಿಕೊಟ್ಟನು. ನಾನು ಹಣ್ಣನ್ನು ತೆತ್ತು ಮೊಮ್ಮಗನ ಚಪ್ಪಾಳೆಯನ್ನು ಕೊಂಡಿದ್ದೆನು. ಕಲ್ಲೇಟನ್ನು ಮಾತ್ರ ಕೋತಿಯ ಪಾಲಿಗೆ ಬಿಟ್ಟಿದ್ದೆನು. ಬಾಗಿಲಿಗೆ ಬಂದ ಹಸಿದ ಮನುಷ್ಯನಿಗೆ ಅನ್ನವಿಡುವ ಮುನ್ನ ಇಷ್ಟೆಲ್ಲ ತರ್ಕಿಸಬೇಕೇ ಎಂದು ಕೇಳಬಹುದು. ಬೇಡ, ಅವನ ಹಸಿವನ್ನು ಅವನೇ ಹೇಳುತ್ತಾನೆ. ಕಾಡನ್ನೇ ಉಗ್ರಾಣವಾಗಿ ಉಳ್ಳ ಪ್ರಾಣಿಯ ಹಸಿವನ್ನಾದರೋ ನಾನು ನನ್ನ ವಿನೋದಕ್ಕಾಗಿ ಕಲ್ಪಿಸಿಕೊಂಡಿದ್ದೆನು.

ಇನ್ನು ಮನೆಯ ಮಾತು. ಒಂದು ರಾತ್ರಿ ತಂಗುವವನೇ ಅತಿಥಿಯೆಂದು ಸ್ಮೃತಿಕಾರರು ಹೇಳುವರು. ನಾವು ಹಣ ತೆತ್ತದ್ದು ಮಂಚಕ್ಕೆ, ಊಟಕ್ಕೆ, ಕಾಡಿಗಲ್ಲ. ಆ ಮನೆಯ ಬಳಗವೆಂದರೆ ಸೋಲಿಗರು. ತಮ್ಮ ಕುಸುಮಾಲೆಯನ್ನು ವರಿಸಿದನೆಂದು ಬೆಟ್ಟದ ರಂಗನಾಥನನ್ನು ಅವರು ಭಾವನೆಂದೇ ಕರೆಯುವರು. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾದ ಮೇಲೆ ಅವರ ಬೇಟೆಯೂ ಕಾಡುಬೇಸಾಯವೂ ನಿಂತವು. ಅನೇಕ ಕುಟುಂಬಗಳು ಹಳೆಯ ನೆಲೆಗಳನ್ನು ಬಿಡಬೇಕಾಯಿತು. 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವೆನಿಸಿತು. ಅದೇ ವರ್ಷ, 2006ರ ಅರಣ್ಯಹಕ್ಕು ಕಾಯಿದೆಯ ಮೇರೆಗೆ, ಅವರ ಅನೇಕ ಗ್ರಾಮಸಭೆಗಳಿಗೆ ಕಾಡಿನ ಉತ್ಪನ್ನಗಳ ಮೇಲೆ ಸಾಮೂಹಿಕ ಹಕ್ಕು ದೊರೆಯಿತು. ತಲೆತಲಾಂತರದಿಂದ ಇದ್ದವರು ತಮ್ಮ ಮನೆಗೆ ಹಕ್ಕುಪತ್ರವನ್ನು ಬೇಡಬೇಕಾಯಿತು. ಎರಡು ರಾತ್ರಿಗೆ ಬಂದ ನಾನು ರಸೀದಿಯ ಬಲದಿಂದ ನನ್ನದೆಂದೆನು! ಪ್ರಾಣಿಗಳ ರಕ್ಷಣೆಯ ಹೆಸರಿನಲ್ಲಿ ಬಹಳವನ್ನು ಕಳೆದುಕೊಂಡ ಜನದವನೇ ಪ್ರಾಣಿಯ ಪಕ್ಷವಾಗಿ ನುಡಿದನು. ಏನನ್ನೂ ಕಳೆದುಕೊಳ್ಳದ ನಾನು ಅದನ್ನು ಕೆಡಿಸಹೊರಟಿದ್ದೆನು.

ಊರಿಗೆ ಮರಳಿದ ಬಳಿಕ ಒಂದು ಶನಿವಾರ ದೇವರಾಯನದುರ್ಗಕ್ಕೆ ಹೋದೆವು. ಅಲ್ಲಿಯ ಕೋತಿಗಳಿಗೆ ಹಣ್ಣು ಹಾಕುವುದು ನಮ್ಮ ಮನೆಯ ಹಳೆಯ ರೂಢಿ. ಈ ಸಲ ಬೇಡವೆಂದಾಗ ನನ್ನ ಪತ್ನಿಯು, “ಇಷ್ಟು ವರ್ಷ ರೂಢಿ ಮಾಡಿಸಿದವರು ನಾವೇ ಅಲ್ಲವೇ? ಈಗ ಕೈಬಿಟ್ಟರೆ ಅವು ಏನು ಮಾಡಬೇಕು?” ಎಂದಳು. ಈ ಮಾತನ್ನು ತಳ್ಳಿಹಾಕಲು ನನ್ನಿಂದಾಗಲಿಲ್ಲ. ರೂಢಿಯನ್ನು ಮಾಡಿಸಿದವನಿಗೆ ಋಣವುಂಟು, ದಿಟ. ಆದರೆ ಅದೇ ತಪ್ಪನ್ನು ಮುಂದುವರಿಸಿದರೆ ಋಣವು ಬೆಳೆಯುವುದೇ ಹೊರತು ತೀರದು. ಹಣ್ಣನ್ನು ದೇವರಿಗೆ ಅರ್ಪಿಸಿ, ಬಂದ ಪ್ರಸಾದವನ್ನು ಗುಡಿಯೊಳಗಿದ್ದ ಮಕ್ಕಳಿಗೆ ಹಂಚಿದೆವು.

ಮೆಟ್ಟಿಲ ಬಳಿ ಮುದಿಕೋತಿಯೊಂದು ನನ್ನ ಬರಿಗೈಯನ್ನು ಬಹಳ ಹೊತ್ತು ನೋಡುತ್ತ ಕುಳಿತಿತ್ತು. ಆ ನೋಟವನ್ನು ಸಹಿಸಿಕೊಳ್ಳುವುದೇ ನನ್ನ ಪಾಲಿನ ಪ್ರಾಯಶ್ಚಿತ್ತವೆಂದು ತಿಳಿದು, ಮೊಮ್ಮಗನ ಕೈಹಿಡಿದು ಬೆಟ್ಟವನ್ನಿಳಿದೆನು.