ಅರಿತವನ ಗೆಲವು

ಮಹಾಭಾರತದಲ್ಲಿ ನಾವು ಸಾಮಾನ್ಯವಾಗಿ ಕೇಳಿಯೂ ಕೇಳದಂತೆ ದಾಟಿಬಿಡುವ ವಾದವೊಂದಿದೆ. ಮೋಸದ ಜೂಜು ಪಾಪವೆಂದು ಧರ್ಮರಾಯ ಹೇಳಿದಾಗ ಶಕುನಿ ಕೊಡುವ ಉತ್ತರ ಅದು. ಬಲ್ಲವನು ಅರಿಯದವನ ಎದುರು ನಿಲ್ಲುವುದು ಗೆಲ್ಲುವುದಕ್ಕಾಗಿಯೇ. ವಿದ್ವಾಂಸನು ಅವಿದ್ವಾಂಸನನ್ನು, ಅಸ್ತ್ರ ಬಲ್ಲವನು ಬಾರದವನನ್ನು ಸೋಲಿಸಿದರೆ ಲೋಕ ಅದನ್ನು ಮೋಸವೆನ್ನುವುದಿಲ್ಲ. ದಾಳದ ಆಟದಲ್ಲಿ ಮಾತ್ರ ಏಕೆ ಹಾಗೆನ್ನಬೇಕು? ಭಯವಿದ್ದರೆ ಆಡಬೇಡ ಎಂದೂ ಅವನು ಸೇರಿಸುತ್ತಾನೆ. ಧರ್ಮರಾಯ ಇದಕ್ಕೆ ಸಮಾಧಾನ ಹೇಳುವುದಿಲ್ಲ. ಕರೆದರೆ ಹಿಂಜರಿಯುವವನು ತಾನಲ್ಲ ಎಂದಷ್ಟೇ ಹೇಳಿ ಆಟಕ್ಕೆ ಕೂರುತ್ತಾನೆ. ಶಕುನಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಮಲ್ಲಂದೂರಿನ ಕಾಫಿ ಬೆಳೆಗಾರರೊಬ್ಬರ ಮಗ, ನನ್ನ ಹಳೆಯ ವಿದ್ಯಾರ್ಥಿ, ಅದೇ ಪ್ರಶ್ನೆಯನ್ನು ಈಚೆಗೆ ಬೇರೆ ಮಾತಿನಲ್ಲಿ ನನ್ನ ಮುಂದಿಟ್ಟ. ಅವನು ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾನೆ. ಬಿಡುವಿನಲ್ಲಿ ಕುದುರೆ ಓಟದ ಮೇಲೆ ಬಾಜಿ ಕಟ್ಟುತ್ತಾನೆ. ಕಟ್ಟುವುದು ಅವನ ಕೈಯಲ್ಲ, ಅವನು ಬರೆದ ಸಾಫ್ಟ್‌ವೇರ್. ಅಲ್ಲಿ ಅದು ಕಾನೂನಿಗೆ ಒಪ್ಪಿದ ವ್ಯವಹಾರ. ಈಗ ಉದ್ಯೋಗ ಬಿಟ್ಟು ಅದನ್ನೇ ಕಸುಬು ಮಾಡಿಕೊಳ್ಳುವ ಆಸೆ. ಬಂಡವಾಳಕ್ಕೆ ಒಂದು ವರ್ಷದ ಕಾಫಿಯ ಹಣ ಕೊಡಿ ಎಂದು ತಂದೆಯನ್ನು ಕೇಳಿದ್ದಾನೆ. ಅವರು, “ನಿಮ್ಮ ಮೇಷ್ಟ್ರನ್ನು ಒಂದು ಮಾತು ಕೇಳು” ಎಂದರಂತೆ. “ಇದರಲ್ಲಿ ತಪ್ಪೇನು ಸಾರ್?” ಎಂದು ಅವನು ಕೇಳಿದ್ದು ಹೀಗೆ.

ಮೊದಲು ವ್ಯವಹಾರದ ಸ್ವರೂಪವನ್ನು ತಿಳಿಯಬೇಕು. ಹಳೆಯ ಕ್ರಮದಲ್ಲಿ ಬುಕ್ಕಿ ಒಂದು ಕಡೆ, ಜನರೆಲ್ಲ ಇನ್ನೊಂದು ಕಡೆ. 2000ದಲ್ಲಿ ಆಂಡ್ರ್ಯೂ ಬ್ಲ್ಯಾಕ್ ಮತ್ತು ಎಡ್ವರ್ಡ್ ರೇ ಎಂಬಿಬ್ಬರು ಇಂಗ್ಲೆಂಡಿನಲ್ಲಿ ಆರಂಭಿಸಿದ ಬೆಟ್‌ಫೇರ್ ಸಂಸ್ಥೆ ಬೇರೊಂದು ದಾರಿ ಹಿಡಿಯಿತು. ಕುದುರೆ ಗೆಲ್ಲುತ್ತದೆ ಎನ್ನುವವನೂ ಗೆಲ್ಲದು ಎನ್ನುವವನೂ ಷೇರುಪೇಟೆಯಲ್ಲಿರುವಂತೆ ನೇರವಾಗಿ ಎದುರಾಗುತ್ತಾರೆ; ಸಂಸ್ಥೆಗೆ ಕಮಿಷನ್ ಸಲ್ಲುತ್ತದೆ. ಇಂಥ ಪೇಟೆಗೆ ‘ಎಕ್ಸ್‌ಚೇಂಜ್’, ಅಂದರೆ ವಿನಿಮಯ ಕೇಂದ್ರ, ಎಂದು ಹೆಸರು. ಓಟ ನಡೆಯುತ್ತಿರುವಾಗಲೂ ಅಲ್ಲಿ ವ್ಯಾಪಾರ ನಿಲ್ಲುವುದಿಲ್ಲ.

ಒಂದು ಲೆಕ್ಕ ನೋಡಿ. ಕಟ್ಟಿದ ಹಣವೂ ಸೇರಿ ಒಂದಕ್ಕೆ 6 ಎಂಬ ದರದಲ್ಲಿ ಒಂದು ಕುದುರೆಯ ಮೇಲೆ 100 ರೂಪಾಯಿ ಕಟ್ಟಿದೆವೆನ್ನೋಣ. ಓಟದ ನಡುವೆ ಕುದುರೆ ಮುಂದೆ ಬಂದು ದರ 4ಕ್ಕೆ ಇಳಿಯಿತು. ಆಗ ಅದೇ ಕುದುರೆ ಗೆಲ್ಲುವುದಿಲ್ಲವೆಂದು ಇನ್ನೊಬ್ಬನ 150 ರೂಪಾಯಿಗೆ ಎದುರು ನಿಂತೆವು. ಕುದುರೆ ಗೆದ್ದರೆ ಒಂದು ಕಡೆ 500 ಬಂದು ಇನ್ನೊಂದು ಕಡೆ 450 ಹೋಗುತ್ತದೆ. ಸೋತರೆ 100 ಹೋಗಿ 150 ಬರುತ್ತದೆ. ಹೇಗಾದರೂ ಕಮಿಷನ್ ಕಳೆಯುವ ಮುನ್ನ 50 ರೂಪಾಯಿ ಲಾಭ. ಕುದುರೆ ಗೆದ್ದರೇನು, ಬಿದ್ದರೇನು? ಅದರ ಹೆಸರೂ ಇವನಿಗೆ ಬೇಕಿಲ್ಲ.

ಆದರೆ ದರ ಇಳಿಯುವುದು ಉಳಿದವರಿಗಿಂತ ಮೊದಲು ತಿಳಿಯಬೇಕು. ಟೀವಿಯಲ್ಲಿ ಕಾಣುವ ಓಟ ಮೈದಾನದ ಓಟಕ್ಕಿಂತ ಕೆಲವು ಸೆಕೆಂಡು ಹಿಂದೆ ಇರುತ್ತದೆ. ಮನೆಯಲ್ಲಿ ಕುಳಿತವನು ನೋಡುತ್ತಿರುವುದು ಆಗಲೇ ಕಳೆದುಹೋದ ಓಟ. ಆ ಅಂತರಕ್ಕಾಗಿಯೇ ಅಲ್ಲಿ ಮೈದಾನದ ಬಳಿ ಡ್ರೋನ್ ಹಾರಿಸಿ ಚಿತ್ರ ತರಿಸಿಕೊಳ್ಳುವವರಿದ್ದಾರೆ. ಸಾಫ್ಟ್‌ವೇರಾದರೋ ಮನುಷ್ಯ ರೆಪ್ಪೆ ಮಿಟುಕಿಸುವಷ್ಟರಲ್ಲಿ ಕೊಂಡು ಮಾರಿ ಮುಗಿಸಿರುತ್ತದೆ.

ಇದು ಕೌಶಲವಲ್ಲವೆ ಎಂದು ಕೇಳಿದರೆ, ಹೌದು. ನಮ್ಮ ಕಾನೂನು ಬಹುಕಾಲ ನೋಡಿದ್ದೂ ಅದನ್ನೇ. 1996ರಲ್ಲಿ ಡಾ. ಕೆ. ಆರ್. ಲಕ್ಷ್ಮಣನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕುದುರೆ ಓಟ ಅದೃಷ್ಟದ ಆಟವಲ್ಲ, ಮುಖ್ಯವಾಗಿ ಕೌಶಲದ ಆಟ ಎಂದು ತೀರ್ಪಿತ್ತಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಕಾನೂನು ಕಾಲಕ್ಕೆ ತಕ್ಕಂತೆ ಗೆರೆ ಎಳೆಯುತ್ತದೆ. ಕೌಶಲದಿಂದ ಗೆದ್ದದ್ದೆಲ್ಲ ಶುದ್ಧವೇ ಎಂಬ ಪ್ರಶ್ನೆ ಮಾತ್ರ ಗೆರೆಯ ಎರಡು ಕಡೆಯೂ ಇರುತ್ತದೆ.

ನನ್ನ ಶಿಷ್ಯ ಇನ್ನೊಂದು ಮಾತು ಹೇಳಿದ. “ಅಪ್ಪನದೂ ಜೂಜೇ ಅಲ್ಲವೆ ಸಾರ್? ಹೂಮಳೆ ಬಂದರೆ ಗೆದ್ದರು, ತಪ್ಪಿದರೆ ಸೋತರು.” ಇದನ್ನು ತಳ್ಳಿಹಾಕುವಂತಿಲ್ಲ. 1996ರಲ್ಲಿಯೇ ಕಾಫಿ ಮಂಡಲಿಯ ಪೂಲಿಂಗ್ ವ್ಯವಸ್ಥೆ ಪೂರ್ತಿ ಕೊನೆಗೊಂಡು, ಬೆಳೆಗಾರನಿಗೆ ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯ ಬಂತು. ಅಂದಿನಿಂದ ಅರೇಬಿಕಾ ಬೆಳೆದವನ ಕಣ್ಣು ನ್ಯೂಯಾರ್ಕಿನ ಮೇಲೆ, ರೋಬಸ್ಟಾ ಬೆಳೆದವನ ಕಣ್ಣು ಲಂಡನ್ನಿನ ಮೇಲೆ. ಇಂದು ಮಾರಲೋ, ಚೀಲಗಳನ್ನು ಗೋಡೌನಿನಲ್ಲಿಟ್ಟು ಕಾಯಲೋ ಎಂದು ಅವನು ನಿದ್ದೆಗೆಡುವುದೂ ದರದ ಮೇಲಿನ ಪಣವೇ.

ಆದರೂ ಎರಡೂ ಒಂದೇ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಾರಣವನ್ನು ಹುಡುಕಿದಾಗ ನನಗೆ ತೋರಿದ್ದು ಇದು: ನಾನು ಬಲ್ಲದ್ದನ್ನು ಎದುರಿನವನೂ ಅರಿತರೆ ನನ್ನ ವಿದ್ಯೆಯಲ್ಲಿ ಏನು ಉಳಿಯುತ್ತದೆ? ನೆರಳು ಎಷ್ಟು ತೆಗೆಯಬೇಕು, ಗಿಡವನ್ನು ಯಾವಾಗ ಕಸಿ ಮಾಡಬೇಕು ಎಂಬುದನ್ನು ಮಲ್ಲಂದೂರಿನವರೆಲ್ಲ ಕಲಿತರೂ ಆ ತಂದೆಯ ತೋಟದಲ್ಲಿ ಹಣ್ಣು ಕಡಿಮೆಯಾಗುವುದಿಲ್ಲ. ನಾನು ಪಾಠ ಹೇಳಿ ನನ್ನಷ್ಟೇ ವ್ಯಾಕರಣ ಬಲ್ಲವನೊಬ್ಬನನ್ನು ತಯಾರು ಮಾಡಿದರೆ ನನ್ನ ವ್ಯಾಕರಣ ಸವೆಯುವುದಿಲ್ಲ. ಆದರೆ ಟೀವಿಯ ಮುಂದಿರುವವನಿಗೂ ಅದೇ ಕ್ಷಣದಲ್ಲಿ ಓಟ ಕಂಡರೆ ನನ್ನ ಶಿಷ್ಯನ ವಿದ್ಯೆಗೆ ಬೆಲೆಯೇ ಇಲ್ಲ. ಅದು ಬದುಕಿರುವುದು ಇನ್ನೊಬ್ಬನ ಅರಿಯದಿರುವಿಕೆಯಲ್ಲಿ. ಶಕುನಿಯ ವಾದದ ಬಿರುಕೂ ಇಲ್ಲಿಯೇ ಇದೆ. ವಿದ್ವಾಂಸನು ಅವಿದ್ವಾಂಸನ ಬಳಿಗೆ ಹೋಗುವುದು ಗೆಲ್ಲಲಿಕ್ಕೆ ಮಾತ್ರವಲ್ಲ, ಕಲಿಸಲಿಕ್ಕೂ ಹೋಗುತ್ತಾನೆ. ಅದನ್ನು ಅವನು ಹೇಳದೆ ಬಿಟ್ಟ.

ಈ ಒರೆಗಲ್ಲಿಗೆ ಕುದುರೆಯ ಪೇಟೆಯೊಂದೇ ಸಿಕ್ಕುವುದಿಲ್ಲ ಎಂಬುದನ್ನೂ ಒಪ್ಪಬೇಕು. ಲಂಡನ್ನಿನ ದರವನ್ನು ತಾನು ತಿಳಿದು, ತಿಳಿಯದ ಸಣ್ಣ ಬೆಳೆಗಾರನಿಂದ ಅಗ್ಗಕ್ಕೆ ಚೆರಿ ಕೊಳ್ಳುವವನೂ ಇದೇ ಜಾತಿಯವನು. ಕಾಫಿಯ ಒಂದು ಬೀಜವನ್ನೂ ಮುಟ್ಟದೆ ಅದರ ದರದಲ್ಲಿ ಯಂತ್ರದಿಂದ ವ್ಯಾಪಾರ ಮಾಡುವವರೂ ಅದಕ್ಕೆ ಹತ್ತಿರದವರೇ. ಅವರಿಂದ ಸರಕನ್ನು ಮುಂದೆ ಕೊಡಬೇಕಾದವನ ಅಪಾಯ ಸ್ವಲ್ಪ ಹಗುರಾಗುತ್ತದೆ ಎಂಬುದೊಂದೇ ಭೇದ. ಮಳೆಯ ಅಪಾಯ ಬೆಳೆಗಾರ ಬೇಡಿ ತಂದದ್ದಲ್ಲ. ಓಟದ ಪೇಟೆಯಲ್ಲಾದರೋ, ಇಲ್ಲದ ಅಪಾಯವನ್ನು ಹುಟ್ಟಿಸಿ ಹಂಚುತ್ತಾರೆ.

“ಅವರು ಒಪ್ಪಿಯೇ ಆಡುತ್ತಾರಲ್ಲ” ಎಂದ. ಶಕುನಿಯೂ ಅದನ್ನೇ ಅಂದಿದ್ದ. ಒಪ್ಪಿಗೆಯಿಂದ ಅಪರಾಧ ಇಲ್ಲವಾಗಬಹುದು, ಸೋತವನು ಇಲ್ಲವಾಗುವುದಿಲ್ಲ. ಪರದೆಯ ಮೇಲೆ ಅಂಕಿಗಳು ಮಾತ್ರ ಕಾಣುವುದರಿಂದ ಅವನು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಧರ್ಮರಾಯನ ಮುಖವನ್ನು ಶಕುನಿ ನೋಡಲೇಬೇಕಾಗಿತ್ತು.

ನಳನ ಕಥೆಯಲ್ಲಿಯೂ ಕುದುರೆ ಮತ್ತು ದಾಳ ಒಟ್ಟಿಗೆ ಬರುತ್ತವೆ. ತಾರೆಯ ಮರವೊಂದರ ಬಳಿ ರಥ ನಿಲ್ಲಿಸಿ, ಎಲೆ ಕಾಯಿಗಳನ್ನು ಕ್ಷಣದಲ್ಲಿ ಎಣಿಸಬಲ್ಲ ಋತುಪರ್ಣನಿಂದ ನಳ ದಾಳದ ಮರ್ಮವನ್ನು ಕಲಿತ. ಬದಲಿಗೆ ಕುದುರೆಯ ಮರ್ಮವನ್ನು ಕೊಡಲು ಒಪ್ಪಿದ. ಅದೂ ಒಂದು ವಿನಿಮಯ, ಯಾರೂ ಬಡವಾಗದ ವಿನಿಮಯ. ಮುಂದೆ ಆ ವಿದ್ಯೆಯಿಂದ ಪುಷ್ಕರನನ್ನು ಗೆದ್ದಾಗ, ಸೋತ ತಮ್ಮನಿಗೆ ಅವನ ಪಾಲನ್ನು ಹಿಂದಕ್ಕೆ ಕೊಟ್ಟು ಕಳುಹಿಸಿದ.

ಇದನ್ನೆಲ್ಲ ಹೇಳಿ, ತಂದೆಯ ಕಾಫಿಯ ಹಣವನ್ನು ಇದಕ್ಕೆ ಕೇಳಬೇಡವೆಂದೆ. ಅದು ಯಾರನ್ನೂ ಸೋಲಿಸದೆ ಬಂದ ಹಣ. ಅವನು ಒಪ್ಪಿದನೆಂದು ಹೇಳಲಾರೆ. ಯೋಚಿಸುತ್ತೇನೆ ಸಾರ್, ಎಂದು ಎದ್ದು ಹೋದ.