ಗರಗಸ ಹಿಡಿಯೋನು ಯಾರು?

ಶಿರೋಳದಲ್ಲಿ ನಮ್ಮ ಕಾಕಾ ಹಳೇ ಚೈನ್‌ಸಾ ರಿಪೇರಿ ಮಾಡ್ತಾರೆ. ಕಾರ್ಬ್ಯುರೇಟರ್ ತೊಳೆದು, ಡಯಾಫ್ರಾಮ್ ಬದಲಿಸಿ ಸತ್ತ ಮಷಿನ್ ಎಬ್ಬಿಸೋದರಲ್ಲಿ ಗಟ್ಟಿಗರು. ಕೆಲವರು ಬರ್ತಾರೆ: "ಅಣ್ಣಾರ, ಚೈನ್ ಬ್ರೇಕ್ ತಗದ ಬಿಡ್ರಿ, ಘಳಿಗಿಗೊಮ್ಮೆ ಹಿಡಿತೈತಿ. ಮಷಿನ್ ನಂದ ಐತಿ."

ಅಲಗಿನ ತುದಿಯ ಮೇಲ್ಭಾಗ ಕಟ್ಟಿಗೆಗೆ ತಾಗಿದರೆ ಗರಗಸ ಮುಖದತ್ತ ಎಗರುತ್ತೆ, ರೆಪ್ಪೆ ಬಡಿಯೋದರೊಳಗೆ. ಆಗ ಚೈನ್ ನಿಲ್ಲಿಸೋದೇ ಆ ಬ್ರೇಕ್.

ಆಫೀಸಿನಲ್ಲಿ ನಾವೂ ಇದನ್ನೇ ಅಂತೀವಲ್ಲ, ಕ್ಲೈಂಟ್ ಕೇಳಿದ, ಕೊಟ್ವಿ ಅಂತ. ಆದರೆ ಮಾಲೀಕ ಬೇವಿನ ನೆರಳಲ್ಲಿ ನಿಂತಿರ್ತಾನೆ. ಗರಗಸ ಹಿಡಿಯೋದು ಕೂಲಿಯವನು. ಬೀಳೋ ಕಡೆ ಕಚ್ಚು ಹಾಕಿ, ಹಿಂದಿನಿಂದ ಕೊಯ್ದು, ನಡುವೆ ಕಾಂಡದ ದಪ್ಪದ ಹತ್ತನೇ ಒಂದು ಭಾಗ ಬಿಟ್ಟರೆ ಅದು ಬಾಗಿಲಿನ ಕೀಲಿನಂತೆ ಮರವನ್ನ ಇಳಿಸುತ್ತೆ. ಓಡೋ ದಾರಿಯನ್ನೂ ಮೊದಲೇ ತೆರವು ಮಾಡಬೇಕು. ಮರದ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಇದಕ್ಕೆಲ್ಲ ಪುರುಸೊತ್ತು ಎಲ್ಲಿ?

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಹಲವು ಮರ ಕಡಿಯೋಕೆ ಅನುಮತಿ ಬೇಕು. ಕೊಯ್ಯೋನ ಅನುಮತಿ?

ಕಾಕಾ ಒಲ್ಲೆ ಅಂದರೆ ಬೇರೆ ಊರಲ್ಲಿ ಕಿತ್ತಿಸ್ತಾರೆ, ನಿಜ. ನಮ್ಮ ಕೈ ಸ್ವಚ್ಛ ಇದ್ದರೆ ಸಾಕು ಅಂತ ನನಗನ್ನಿಸಲ್ಲ. ಕಾಕಾಗೂ ಇಲ್ಲ. ರಿಪೇರಿ ಮುಗಿದ ಮಷಿನ್ ಕೇಳಿದರೆ ಅವರು ಅನ್ನೋದು ಇಷ್ಟೇ: "ಹಿಡಿಯಾಂವನ್ನ ಕರಕೊಂಡ ಬಾ."